ಉಪ್ಪುಗಾಳಿಯ ಊರಿಗೆ ಲೆಡ್ಜರ್ ನ್ಯಾನೊ ಎಸ್ ಪ್ಲಸ್: ಕ್ರಿಪ್ಟೊಗೆ ಹೊಸಬರು ತಗೊಳ್ಳಬಹುದೇ?

ತಗೊಳ್ಳಬಹುದು, ಆದರೆ ಮೊದಲ ದಿನವೇ ಬೇಡ. ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದ, ಅಂದರೆ ಕ್ರಿಪ್ಟೊದ, ಕೀಲಿಯನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಲು ಲೆಡ್ಜರ್ ಕಂಪನಿ ಮಾಡಿದ ಪುಟ್ಟ ಸಾಧನ ಇದು. ತಿಂಗಳಿಗೆ ಐನೂರೋ ಸಾವಿರವೋ ಹಾಕಿ ಬಿಟ್‌ಕಾಯಿನ್ ಅಂದರೇನೆಂದು ಕಲಿಯುತ್ತಿರುವವರಿಗೆ ಎಫ್‌ಐಯುನಲ್ಲಿ (ಕೇಂದ್ರದ ಹಣಕಾಸು ಗುಪ್ತಚರ ಘಟಕ) ನೋಂದಣಿಯಾದ ಎಕ್ಸ್‌ಚೇಂಜ್‌ನ, ಅಂದರೆ ಕ್ರಿಪ್ಟೊ ಕೊಂಡು ಮಾರುವ ತಾಣದ, ಖಾತೆಯೇ ಸಾಕು. ಈ ಸಾಧನ 2022ರಲ್ಲಿ 79 ಯೂರೊ ಬೆಲೆಗೆ ಬಿಡುಗಡೆಯಾಯಿತು. ಇಲ್ಲಿಗೆ ಬರುವಷ್ಟರಲ್ಲಿ ತೆರಿಗೆ, ಸಾಗಣೆ ಎರಡೂ ಸೇರುತ್ತವೆ. ಕಳೆದುಕೊಂಡರೆ ನಿದ್ದೆ ಬಾರದಷ್ಟು ಮೊತ್ತ ಕೂಡಿದ ಮೇಲೆ ಈ ಖರ್ಚಿಗೆ ಅರ್ಥವಿದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಕ್ರಿಪ್ಟೊ ಕಳುವಾಯಿತು. ಗ್ರಾಹಕರು ತಮ್ಮ ಕಾಯಿನ್ ಹೊರತೆಗೆಯಲು ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು. ಅಂಥ ದಿನಕ್ಕಾಗಿಯೇ ಇದು ಬೇಕಾಗುವುದು.

ನೋಡಲು ಪೆನ್‌ಡ್ರೈವ್ ಥರ. ಚಿಕ್ಕ ಪರದೆ, ಎರಡು ಗುಂಡಿ, ಯುಎಸ್‌ಬಿ-ಸಿ ಕಿಂಡಿ, ಅಷ್ಟೇ. ಬ್ಯಾಟರಿ ಇಲ್ಲ, ಬ್ಲೂಟೂತ್ ಇಲ್ಲ. ಆಂಡ್ರಾಯ್ಡ್ ಫೋನಿಗೆ ಸೂಕ್ತ ಕೇಬಲ್‌ನಿಂದ ಜೋಡಿಸಬಹುದು, ಐಫೋನಿಗೆ ಆಗದು. ಬಿಟ್‌ಕಾಯಿನ್ ಇದರೊಳಗೆ ಇರುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ಮನದಟ್ಟು ಮಾಡಿಕೊಳ್ಳಿ. ಲೆಕ್ಕವೆಲ್ಲ ಬ್ಲಾಕ್‌ಚೈನ್ ಎಂಬ, ಅನೇಕ ಕಂಪ್ಯೂಟರ್‌ಗಳು ಒಟ್ಟಾಗಿ ಇಡುವ ಲೆಕ್ಕದ ಪುಸ್ತಕದಲ್ಲಿದೆ, ಸಾಧನ ಕಾಯುವುದು ಬೀಗದ ಕೈಯನ್ನು. ಆ ಕೈಯ ನಕಲು, ಮೊದಲ ಸಲ ಚಾಲೂ ಮಾಡಿದಾಗ ಪರದೆ ಒಂದೊಂದಾಗಿ ತೋರಿಸುವ 24 ಇಂಗ್ಲಿಷ್ ಪದಗಳು. ಸಾಧನ ಸಮುದ್ರಕ್ಕೆ ಬಿದ್ದರೂ ಪದಗಳಿದ್ದರೆ ಹಣ ಉಳಿಯಿತು. ಪದಗಳೇ ಹೋದರೆ, ಸಾಧನ ಕೆಡುವವರೆಗೆ ಮಾತ್ರ ಹಣ ನಿಮ್ಮದು.

ಕಂಪನಿಯಿಂದ ನೇರವಾಗಿ, ಇಲ್ಲವೇ ಅದರ ಜಾಲತಾಣದಲ್ಲಿ ಹೆಸರಿರುವ ಮಾರಾಟಗಾರರಿಂದ ಮಾತ್ರ ತರಿಸಿ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಪೆಟ್ಟಿಗೆಯಲ್ಲಿ ಪದ ಬರೆಯುವ ಹಾಳೆಗಳು ಖಾಲಿ ಇರಬೇಕು. ಯಾರಾದರೂ ಮೊದಲೇ ಪದ ತುಂಬಿಸಿ ಕಳಿಸಿದ್ದರೆ, ಅಥವಾ ಪಿನ್ ಇದೇ ಎಂದು ಚೀಟಿ ಇಟ್ಟಿದ್ದರೆ ಅದು ಬಲೆ. ಪಿನ್ 4ರಿಂದ 8 ಅಂಕಿ, ನೀವೇ ಇಡಬೇಕು, ಎಂಟೇ ಇಡಿ. ಮೂರು ಸಲ ತಪ್ಪಿದರೆ ಸಾಧನ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ.

ಪದ ಬರೆಯಲು ಕೊಟ್ಟ ಹಾಳೆ ನಮ್ಮ ಕರಾವಳಿಗೆ ಹೇಳಿ ಮಾಡಿಸಿದ್ದಲ್ಲ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ನಾಲ್ಕು ತಿಂಗಳ ಮಳೆಗೆ ಕಪಾಟಿನೊಳಗಿನ ಕಾಗದವೂ ಬೂಷ್ಟು ಹಿಡಿಯುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಸಿರಸಿ ಕಡೆ ಅಟ್ಟದ ಮೇಲಿಟ್ಟರೆ ಒರಲೆ ಬಿಡುವುದಿಲ್ಲ. ಲ್ಯಾಮಿನೇಶನ್‌ಗೆ ಅಂಗಡಿಗೆ ಕೊಟ್ಟರಂತೂ ಕೈಯಾರೆ ಕೀಲಿ ಒಪ್ಪಿಸಿದಂತೆ. ಪದಗಳನ್ನು ಕುಟ್ಟಿ ಮೂಡಿಸಿದ ಲೋಹದ ತಗಡೇ ದಾರಿ, ಅದರಲ್ಲೂ ಸಾಮಾನ್ಯ 304 ಸ್ಟೀಲ್ ಬೇಡ. ಉಪ್ಪುಗಾಳಿಗೆ ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಏಳುತ್ತದೆ. ಮಾಲಿಬ್ಡಿನಂ ಬೆರೆತ 316 ಕೇಳಿ, ಬೋಟಿನ ಕೆಲಸದವರಿಗೆ ಗೊತ್ತಿರುವ ಸ್ಟೀಲೇ ಅದು. 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ, 2 ಮಿ.ಮೀ. ದಪ್ಪದ ತುಂಡು, 4 ಮಿ.ಮೀ. ಅಕ್ಷರದ ಪಂಚ್ ಸೆಟ್ ಸಾಕು. ತಗಡನ್ನು ಹಲಗೆಯ ಮೇಲಿಟ್ಟು ಕುಟ್ಟಿದರೆ ಪುಟಿದು ಅಕ್ಷರ ಜೋಡಿಯಾಗಿ ಮೂಡುತ್ತದೆ. ಕೆಳಗೆ ದಪ್ಪ ಕಬ್ಬಿಣದ ಗಟ್ಟಿ ಇರಲಿ. ಪೂರ್ತಿ ಪದ ಬೇಕಿಲ್ಲ. ಈ 24 ಪದಗಳನ್ನು ಆರಿಸುವುದು 2048 ಪದಗಳ ಒಂದು ಪಟ್ಟಿಯಿಂದ; ಅದರಲ್ಲಿ ಮೊದಲ ನಾಲ್ಕು ಅಕ್ಷರಕ್ಕೇ ಪದ ಯಾವುದೆಂದು ತಿಳಿಯುತ್ತದೆ, ಹಾಗಾಗಿ ಒಟ್ಟು 96 ಅಕ್ಷರಕ್ಕಿಂತ ಹೆಚ್ಚು ಬೀಳುವುದಿಲ್ಲ. ಮೂರೇ ಅಕ್ಷರದ ಪದವಿದ್ದರೆ ಮುಂದೆ ಗೆರೆ ಎಳೆಯಿರಿ. ಕ್ರಮಸಂಖ್ಯೆ ತಪ್ಪಿಸಬೇಡಿ, ಕ್ರಮ ಕೆಟ್ಟರೆ ಪದಗಳಿದ್ದೂ ಇಲ್ಲದಂತೆ.

ಕನ್ನಡ ಲಿಪಿಯಲ್ಲಿ ಬರೆದಿಡುವ ಆಸೆ ಸಹಜ, ಮನೆಯ ಹಿರಿಯರೂ ಓದಲಿ ಎಂದು. ಮಾಡಬೇಡಿ. ಬಲಗಡೆ ಎನ್ನುವ right, ಬರೆ ಎನ್ನುವ write, ಎರಡೂ ಪಟ್ಟಿಯಲ್ಲಿವೆ. ಕನ್ನಡದಲ್ಲಿ ಎರಡೂ ‘ರೈಟ್’. ಮುಂದೆ ಬಿಡಿಸುವವರು ಯಾವುದೆಂದು ತಿಳಿಯಬೇಕು? ಈ ಪದಪಟ್ಟಿಗೆ ಕನ್ನಡ ರೂಪ ಇಲ್ಲದಿರುವುದು ನಿಜಕ್ಕೂ ಬೇಸರದ ಸಂಗತಿ. ಹಿರಿಯರಿಗೆ ಕನ್ನಡದಲ್ಲಿ ಬೇರೆ ಚೀಟಿ ಬರೆದಿಡಿ: ತಗಡು ಎಲ್ಲಿದೆ, ಅದು ಏತಕ್ಕೆ, ಯಾರಿಗೂ ಓದಿ ಹೇಳಬಾರದು ಎಂದು. ಪದಗಳ ಫೋಟೊ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಫೋನು ಅದನ್ನು ತಾನಾಗಿಯೇ ಕ್ಲೌಡ್‌ಗೆ ಏರಿಸಿಬಿಡಬಹುದು.

ಈಗ ಪರೀಕ್ಷೆ, ಹೆಚ್ಚಿನವರು ಬಿಟ್ಟುಬಿಡುವ ಹಂತ. ಎಕ್ಸ್‌ಚೇಂಜ್‌ನಿಂದ ಚಿಕ್ಕ ಮೊತ್ತ ಕಳಿಸಿ. ಅದು ಬಂದ ಮೇಲೆ ಬೇಕೆಂದೇ ಮೂರು ಸಲ ತಪ್ಪು ಪಿನ್ ಒತ್ತಿ ಸಾಧನ ಅಳಿಸಿ, ತಗಡು ನೋಡಿಕೊಂಡು 24 ಪದ ಮತ್ತೆ ತುಂಬಿಸಿ. ಎರಡೇ ಗುಂಡಿಯಲ್ಲಿ ಅಕ್ಷರ ಹುಡುಕುವುದು ತಾಳ್ಮೆ ಬೇಡುತ್ತದೆ, ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಅದೇ ಮೊತ್ತ ಮತ್ತೆ ಕಂಡರೆ ತಗಡು ಸರಿಯಿದೆ, ಉಳಿದದ್ದನ್ನು ಕಳಿಸಬಹುದು.

ಕಳಿಸುವಾಗ ಎಡವುವುದು ಮೂರು ಕಡೆ. ಕೆಲವು ಆ್ಯಪ್‌ಗಳಲ್ಲಿ ಕಾಯಿನ್ ಹೊರಕಳಿಸುವ ಸೌಲಭ್ಯವೇ ಇರುವುದಿಲ್ಲ, ಕೊಳ್ಳುವ ಮೊದಲೇ ನೋಡಿ. ಶುಲ್ಕ ನಿಗದಿತವಾಗಿರುವುದುಂಟು: ಅದು 0.0003 ಬಿಟ್‌ಕಾಯಿನ್ ಆಗಿದ್ದು ನೀವು ಕಳಿಸುವುದು 0.003 ಆದರೆ ಹತ್ತರಲ್ಲೊಂದು ಪಾಲು ಅಲ್ಲೇ ಹೋಯಿತು. ಕೂಡಿಟ್ಟು ಒಮ್ಮೆಗೇ ಕಳಿಸುವುದು ಲೇಸು. ಮೂರನೆಯದು ನೆಟ್‌ವರ್ಕ್, ಅಂದರೆ ಕಾಯಿನ್ ಸಾಗುವ ಬ್ಲಾಕ್‌ಚೈನ್ ಜಾಲ. ಬಿಟ್‌ಕಾಯಿನ್‌ಗೆ ಬಿಟ್‌ಕಾಯಿನ್ ನೆಟ್‌ವರ್ಕನ್ನೇ ಆರಿಸಿ, ಶುಲ್ಕ ಕಡಿಮೆಯೆಂದು ಬೇರೆಯದನ್ನಲ್ಲ. ಕಾಯಿನ್ ಎಲ್ಲಿಗೆ ಹೋಗಬೇಕೆಂದು ಹೇಳುವ ಉದ್ದನೆಯ ಅಕ್ಷರಸಾಲೇ ವಿಳಾಸ. ಕಾಪಿ ಮಾಡಿದ ವಿಳಾಸವನ್ನು ಸದ್ದಿಲ್ಲದೆ ಬದಲಿಸುವ ವೈರಸ್‌ಗಳಿವೆ, ಆದ್ದರಿಂದ ಅಂಟಿಸಿದ ವಿಳಾಸವನ್ನು ಸಾಧನದ ಪರದೆಯಲ್ಲಿ ಕಾಣುವುದರೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಪರದೆ ಚಿಕ್ಕದಾದ್ದರಿಂದ ಕಣ್ಣಿಗೆ ಶ್ರಮ, ಈ ಸಾಧನದ ದೊಡ್ಡ ಕೊರತೆಯೂ ಅದೇ.

ಕಂಪನಿಯ ಬಗ್ಗೆ ಒಂದು ತಕರಾರು ಹೇಳಲೇಬೇಕು. 2020ರಲ್ಲಿ ಅದರ ಗ್ರಾಹಕರ ಹೆಸರು, ವಿಳಾಸಗಳು ಸೋರಿಹೋದವು. ಆಮೇಲೆ ಅನೇಕರಿಗೆ ಕಂಪನಿಯದ್ದೇ ಎಂಬಂತೆ ಕಾಣುವ ನಕಲಿ ಪತ್ರ, ನಕಲಿ ಸಾಧನಗಳು ಅಂಚೆಯಲ್ಲಿ ಬಂದವು. 24 ಪದ ತುಂಬಬೇಕಾದದ್ದು ಸಾಧನದಲ್ಲಿ ಮಾತ್ರ. ಜಾಲತಾಣವಾಗಲಿ, ಪತ್ರವಾಗಲಿ, ಫೋನಿನಲ್ಲಿ ಮಾತಾಡುವವರಾಗಲಿ ಕೇಳಿದರೆ ಕಳ್ಳರೇ.

ಬಳಸದಾಗ ಸಾಧನವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ತಗಡು ಬೇರೆ ಮನೆಯಲ್ಲಿರಲಿ. ಮಳೆಗಾಲದಲ್ಲಿ ಕರೆಂಟು ಹೋಗುತ್ತಿರುವಾಗ ಡೆಸ್ಕ್‌ಟಾಪ್‌ಗೆ ಸಿಕ್ಕಿಸಿ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಬೇಡಿ, ಚಾರ್ಜ್ ಇರುವ ಲ್ಯಾಪ್‌ಟಾಪ್ ಬಳಸಿ.

ತೆರಿಗೆ ಲೆಕ್ಕಕ್ಕೆ ಈ ಸಾಧನದ ಬಿಲ್ ಉಪಯೋಗಕ್ಕೆ ಬಾರದು. ಲಾಭದ ಮೇಲೆ 30 ಪ್ರತಿಶತ ತೆರಿಗೆ, ಅದರ ಮೇಲೆ 4 ಪ್ರತಿಶತ ಸೆಸ್. ಲಾಭದಿಂದ ಕಳೆಯಲು ಬಿಡುವುದು ಕಾಯಿನ್ ಕೊಂಡ ಬೆಲೆಯನ್ನಷ್ಟೇ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಕಾಯಿನ್ ನಿಮ್ಮ ಸಾಧನಕ್ಕೆ ಬಂದ ಮೇಲೆ ಎಕ್ಸ್‌ಚೇಂಜ್‌ನ ದಾಖಲೆ ಮುಂದುವರಿಯುವುದಿಲ್ಲ, ಹಾಗಾಗಿ ಕೊಂಡ ದಿನಾಂಕ, ಪ್ರಮಾಣ, ರೂಪಾಯಿ ಬೆಲೆ ಇರುವ ಸ್ಟೇಟ್‌ಮೆಂಟನ್ನು ಕಳಿಸುವ ಮೊದಲೇ ಇಳಿಸಿಟ್ಟುಕೊಳ್ಳಿ.