ಮುಳ್ಳುಕಂಟಿಯಲ್ಲಿ ಜಾಡು ಹಿಡಿಯುವ ನಾಯಿಗೆ ಬಯೋಥೇನ್ ಹಗ್ಗ: ಕುಣಿಕೆ ಕತ್ತರಿಸಿದ ಮೇಲೆ ಒಳ್ಳೆಯದು

13 ಮಿ.ಮೀ. ಅಗಲ, 10 ಮೀಟರ್ ಉದ್ದದ ಬಯೋಥೇನ್ (ಪ್ಲಾಸ್ಟಿಕ್ ಲೇಪದ ಪಟ್ಟಿ) ಹಗ್ಗ ಚಿತ್ರದುರ್ಗದ ಕುರುಚಲು ಕಾಡಿಗೂ ದಾವಣಗೆರೆಯ ಮೆಕ್ಕೆಜೋಳಕ್ಕೂ ಒಗ್ಗುತ್ತದೆ. ಆದರೆ ಅಂಗಡಿಯಿಂದ ಬಂದ ಹಾಗೇ ನಾಯಿಗೆ ಹಾಕಬೇಡಿ. ಕೈಹಿಡಿಯುವ ತುದಿಯ ಕುಣಿಕೆ ಕತ್ತರಿಸಬೇಕು, ನಾಯಿಗೆ ಸಿಕ್ಕಿಸುವ ಕೊಂಡಿ ಬದಲಿಸಬೇಕು. ಈ ಎರಡು ಕೆಲಸ ಮಾಡದಿದ್ದರೆ ಕೊಟ್ಟ ದುಡ್ಡು ದಂಡ.

ಹಗ್ಗಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅನ್ನಿಸಬಹುದು. ಬಯಲಲ್ಲಾದರೆ ಬೇಡ. ಅಲ್ಲಿ ನಾಯಿಯ ಬಾಲ, ಕಿವಿ, ಕತ್ತು ಕಣ್ಣಿಗೆ ಕಾಣುತ್ತವೆ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಡೆಯ ಲಂಟಾನ ಪೊದೆಯೊಳಗೆ ಎರಡು ಮಾರು ಮುಂದಿರುವ ನಾಯಿಯೂ ಕಾಣುವುದಿಲ್ಲ. ಅದು ಏನು ಮಾಡುತ್ತಿದೆ ಅನ್ನುವುದು ಹ್ಯಾಂಡ್ಲರ್‌ಗೆ (ನಾಯಿ ನಡೆಸುವವರಿಗೆ) ಗೊತ್ತಾಗುವುದು ಅಂಗೈಯಲ್ಲಿರುವ ಹಗ್ಗದ ಬಿಗಿಯಿಂದ ಮಾತ್ರ. ಈಗ ಆ ಹಗ್ಗ ಬಾರೆ ಗಿಡದ ಬುಡಕ್ಕೆ ಸಿಕ್ಕಿಕೊಂಡಿತು ಅನ್ನಿ. ನಾಯಿಯ ಬೆನ್ನಿಗೆ ತಟಕ್ಕನೆ ಎಳೆತ ಬೀಳುತ್ತದೆ. ಆ ಎಳೆತಕ್ಕೆ ತರಬೇತಿಯಲ್ಲಿ ಅದು ಕಲಿತ ಅರ್ಥ ಒಂದೇ: ತಪ್ಪು ದಾರಿ. ನೆಲಕ್ಕಂಟಿದ ಮೂಗು ಮೇಲೇಳುತ್ತದೆ, ಹಿಂದಕ್ಕೆ ನೋಡುತ್ತದೆ, ಅರ್ಧ ಸುತ್ತು ಹಾಕಿ ಸರಿಯಾದ ಜಾಡನ್ನೇ ಬಿಟ್ಟು ಹೊರಬರುತ್ತದೆ. ನಾಯಿ ಜಾಡು ಕಳೆದುಕೊಂಡಿತು ಎಂದು ಬರೆದುಕೊಳ್ಳುತ್ತಾರೆ. ಕೈಕೊಟ್ಟದ್ದು ಹಗ್ಗ.

ಹೋಲಿಕೆಗೆ ಇಟ್ಟುಕೊಂಡದ್ದು 25 ಮಿ.ಮೀ. ಹತ್ತಿ ನಿವಾರ್ ಮತ್ತು 20 ಮಿ.ಮೀ. ನೈಲಾನ್ ಪಟ್ಟಿ. ನಿವಾರ್ ಕೈಗೆ ಹಿತ, ಗಂಟು ಗಟ್ಟಿ, ಬೆಲೆ ಕಡಿಮೆ. ಆದರೆ ಇಬ್ಬನಿ ಹುಲ್ಲಲ್ಲಿ ನೂರು ಹೆಜ್ಜೆ ಹೋಗುವಷ್ಟರಲ್ಲಿ ನೀರು ಕುಡಿದು ಭಾರವಾಗುತ್ತದೆ, ಉತ್ತರಾಣಿ ಬೀಜ ಸಾಲುಗಟ್ಟಿ ಅಂಟುತ್ತದೆ. ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯ ಪಕ್ಕದಲ್ಲೇ ಹತ್ತಿ ಹೀಗೆ ಸೋಲಬೇಕೆ! ನೈಲಾನ್ ಹಗುರ, ಆದರೆ ನಾಯಿ ಜಿಗಿದರೆ ಅಂಗೈ ಸುಲಿಯುತ್ತದೆ. ಬಾರೆಯ ಕೊಕ್ಕೆಮುಳ್ಳು ಅದರ ಎಳೆ ಕಿತ್ತು ಒಂದೇ ವಾರದಲ್ಲಿ ಪಟ್ಟಿ ನವಿರೆದ್ದಂತೆ ಕಾಣುತ್ತದೆ.

ಬಯೋಥೇನ್ ಅಂದರೆ ಒಳಗೆ ಪಾಲಿಯೆಸ್ಟರ್ ಪಟ್ಟಿ, ಮೇಲೆ ಪ್ಲಾಸ್ಟಿಕ್ ಲೇಪ. ನೀರು ಕುಡಿಯುವುದಿಲ್ಲ, ಬೀಜ ಅಂಟುವುದಿಲ್ಲ, ಬುಡಗಳ ನಡುವೆ ಹಾವಿನಂತೆ ಜಾರುತ್ತದೆ. ಎರಡೂವರೆ ಮಿ.ಮೀ. ದಪ್ಪದ್ದಾದರೆ 10 ಮೀಟರಿಗೆ ತೂಕ ಸುಮಾರು 400 ಗ್ರಾಂ. 19 ಮಿ.ಮೀ. ಅಗಲದ್ದೂ ಸಿಗುತ್ತದೆ, ಅರ್ಧ ಕೆ.ಜಿ. ದಾಟುವ ಅದನ್ನು ಡಾಬರ್‌ಮನ್‌ಗೆ ಎಳೆಸುವುದು ವ್ಯರ್ಥ. ದಾವಣಗೆರೆ ಪೊಲೀಸ್ ಶ್ವಾನದಳದ ಡಾಬರ್‌ಮನ್ ತುಂಗಾ 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು ಓಡಿದ್ದು ಹತ್ತು ಕಿಲೋಮೀಟರಿಗೂ ಹೆಚ್ಚು. ಅಂಥ ದೂರಕ್ಕೆ ನೂರು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ.

ಇನ್ನು ಕುಣಿಕೆಯ ವಿಷಯ. ಹಗ್ಗದ ಹಿಂದಿನ ತುದಿಯಲ್ಲಿ ಕೈಹಾಕಲು ಮಾಡಿರುವ ಕುಣಿಕೆ ಸಿಕ್ಕ ಸಿಕ್ಕ ಕೂಳೆಗೆಲ್ಲ ಬೀಳುತ್ತದೆ. ಅದನ್ನು ಕತ್ತರಿಸಿ, ತುದಿಯನ್ನು ಓರೆಯಾಗಿ ಚೂಪು ಮಾಡಿ. ಆಮೇಲೆ ಹಗ್ಗ ಎಲ್ಲಾದರೂ ಸಿಕ್ಕಿಕೊಂಡರೆ ಎಳೆಯಬೇಡಿ, ಕೈ ಬಿಡಿ. ನಾಯಿ ಮುಂದೆ ಹೋದಂತೆ ಹಗ್ಗ ತಾನೇ ಬುಡ ಸುತ್ತಿ ಕಳಚಿಕೊಳ್ಳುತ್ತದೆ. ಗಿಡದ ಆ ಬದಿಗೆ ಹೋಗಿ ಮತ್ತೆ ಹಿಡಿದರಾಯಿತು. ಕೈ ಬಿಡಲು ಹ್ಯಾಂಡ್ಲರ್‌ಗೆ ಧೈರ್ಯ ಬರುವುದೇ ಕಷ್ಟ, ನಾಯಿಗಲ್ಲ. ನಾಯಿಯ ಕಡೆಯಿಂದ 3ನೇ ಮೀಟರಿನಲ್ಲಿ ಒಂದು, 5ನೇ ಮೀಟರಿನಲ್ಲಿ ಒಂದು ತೆಳು ಚರ್ಮದ ದಾರ ಸುತ್ತಿ ಗುರುತು ಮಾಡಿ. ಗಂಟು ಹಾಕಿದರೆ ಅದೇ ಸಿಕ್ಕಿಕೊಳ್ಳುತ್ತದೆ. ಕತ್ತಲಲ್ಲಿ ಎಷ್ಟು ಹಗ್ಗ ಹೊರಗಿದೆ ಅನ್ನುವುದು ಬೆರಳಿಗೇ ತಿಳಿಯುತ್ತದೆ. ಕಂಟಿಯಲ್ಲೂ ಆಳೆತ್ತರದ ಮೆಕ್ಕೆಜೋಳದಲ್ಲೂ 3ರಿಂದ 5 ಮೀಟರ್ ಸಾಕು, ಉಳಿದದ್ದು ಹಿಂದೆ ಎಳೆದುಕೊಂಡು ಬರಲಿ.

ಹಗ್ಗದ ಜೊತೆ ಬರುವ ಕೊಂಡಿ ಹೆಬ್ಬೆರಳಿನಿಂದ ಎಳೆದು ಬಿಡುವ ಬಗೆಯದು. ಅದರ ಹೊರಚಾಚಿದ ಗುಬುಟಿಗೆ ಒಂದು ಕಡ್ಡಿ ತಾಗಿದರೂ ಬಾಯಿ ತೆರೆದುಕೊಳ್ಳಬಹುದು. ತಿರುಗಿಸಿ ಬಿಗಿ ಮಾಡುವ ಸಣ್ಣ ಉಕ್ಕಿನ ಕೊಂಡಿ ಹಾಕಿಸಿ. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ಹಸಿರು, ಕಂದು ಬಿದ್ದ ಕಡೆ ಕಾಣುವುದಿಲ್ಲ.

ಹಾರ್ನೆಸ್ (ಹಗ್ಗ ಸಿಕ್ಕಿಸಲು ನಾಯಿಯ ಮೈಗೆ ಹಾಕುವ ಪಟ್ಟಿ) ಎದೆಯ ಮೇಲೆ ವೈ ಆಕಾರದಲ್ಲಿ ಕೂರಬೇಕು, ಭುಜಕ್ಕೆ ಅಡ್ಡ ಪಟ್ಟಿ ಇರಬಾರದು. ಒಳಗೆ ಉಣ್ಣೆಯಂಥ ಮೆತ್ತೆ ಇರುವುದು ಇಲ್ಲಿಗೆ ಬೇಡವೇ ಬೇಡ: ಉತ್ತರಾಣಿ ಅದರೊಳಗೆ ಸೇರಿ ತೆಳು ಕೂದಲಿನ ಡಾಬರ್‌ಮನ್‌ನ ಕಂಕುಳು ಗೀರಿ ಹಾಕುತ್ತದೆ.

ಹೊಸ ಹಗ್ಗಕ್ಕೆ ನಾಯಿಯನ್ನು ಒಗ್ಗಿಸಲು ಎರಡು ವಾರ ಬೇಕು. ಮೊದಲು ಹೊಲದ ಬದುವಿನಲ್ಲಿ 30 ಹೆಜ್ಜೆಯ ನೇರ ಜಾಡು, ಪ್ರತಿ ಹೆಜ್ಜೆಯಲ್ಲೂ ಒಂದು ತುಣುಕು ತಿನಿಸು, ಹತ್ತು ನಿಮಿಷ ಬಿಟ್ಟು ನಾಯಿ ಇಳಿಸುವುದು. ಹಗ್ಗ ಹಿಡಿಯುವುದೇ ಬೇಡ, ಎಳೆದುಕೊಂಡು ಹೋಗಲಿ. ಅದು ಸಲೀಸಾದ ಮೇಲೆ ಒಂದು ತಿರುವು, ಅರ್ಧ ಗಂಟೆ ಹಳತಾದ ಜಾಡು. ಎರಡನೇ ವಾರ ಬೇಕೆಂದೇ ಹಗ್ಗವನ್ನು ಬುಡಕ್ಕೆ ಸಿಕ್ಕಿಸಿ. ನಾಯಿ ನಿಂತರೆ ಬೈಯಬಾರದು, ಎಳೆಯಬಾರದು. 'ಸರ್ಚ್' ಎಂದು ಹಗ್ಗ ಸಡಿಲಿಸಿ, ಮೂಗು ನೆಲಕ್ಕಿಳಿದ ಕೂಡಲೇ ಮುಂದಿನ ಹೆಜ್ಜೆಯಲ್ಲಿ ತಿನಿಸು ಸಿಗುವಂತಿರಲಿ. ಹಗ್ಗ ಸಿಕ್ಕಿಕೊಂಡಾಗಿನ ಎಳೆತಕ್ಕೆ ಅರ್ಥವಿಲ್ಲ ಎಂದು ಅದು ಕಲಿಯುವುದು ಹೀಗೆ. ಅವಸರ ಮಾಡಿ ಮೊದಲ ದಿನವೇ ಲಂಟಾನಕ್ಕೆ ಇಳಿಸಿದರೆ ಹಗ್ಗಕ್ಕೇ ಹೆದರುತ್ತದೆ.

ಮೆಕ್ಕೆಜೋಳದಲ್ಲಿ ನಾಯಿ ತಲೆ ಎತ್ತಿದ್ದಕ್ಕೆಲ್ಲ ಹಗ್ಗ ಬಿಗಿ ಮಾಡಬೇಡಿ. ಓಡಿದವನ ಭುಜ, ತೋಳು ಸವರಿದ ಎಲೆಗಳಲ್ಲೂ ವಾಸನೆ ಕೂತಿರುತ್ತದೆ. ಒತ್ತು ಬೆಳೆಯೊಳಗೆ ಗಾಳಿ ಕಡಿಮೆಯಾದ್ದರಿಂದ ಬೇಗ ಚದುರುವುದೂ ಇಲ್ಲ. ಒಳಗೆ ಇಳಿಯುವ ಮುಂಚೆ ಕಾಡುಹಂದಿಗೆಂದು ಹಾಕಿದ ಸೋಲಾರ್ ಬೇಲಿಯನ್ನು ಹೊಲದವರಿಂದ ಬಂದ್ ಮಾಡಿಸಿ.

ಬಯೋಥೇನ್‌ಗೂ ದೋಷವಿದೆ. ಒದ್ದೆಯಾದರೆ ಕೈಯಲ್ಲಿ ಜಾರುತ್ತದೆ, ಮಳೆಗಾಲದಲ್ಲಿ ಚರ್ಮದ ಕೈಗವಸು ಇಲ್ಲದೆ ಆಗದು. ತಂತಿಬೇಲಿಗೋ ಬಂಡೆ ಅಂಚಿಗೋ ಉಜ್ಜಿ ಲೇಪ ಸೀಳಿದರೆ ಆ ಜಾಗದಲ್ಲಿ ಒಳಪಟ್ಟಿ ನೀರು ಕುಡಿಯುತ್ತದೆ, ಮುಳ್ಳಿಗೂ ಅಲ್ಲೇ ಸಿಕ್ಕುತ್ತದೆ. ರಿಪೇರಿ ಇಲ್ಲ, ಸೀಳು ಹಿಂದಿನ ತುದಿಯ ಕಡೆಯಿದ್ದರೆ ಅಲ್ಲಿಗೆ ಕತ್ತರಿಸಿ ಏಳೆಂಟು ಮೀಟರಿನ ಹಗ್ಗವಾಗಿ ಬಳಸಬಹುದು, ಕೊಂಡಿಯ ಕಡೆಯಿದ್ದರೆ ಹೊಸದೇ ಗತಿ. ಬೆಲೆ ನಿವಾರಿನ ಹಲವು ಪಟ್ಟು. ತಿಂಗಳಿಗೆ ಒಂದೆರಡು ಸಲ, ಅದೂ ಬಯಲಲ್ಲಿ ನಾಯಿ ಬಿಡುವವರು ನಿವಾರಿನಲ್ಲೇ ಇರಲಿ.

ತೊಳೆಯಲು ಬರೀ ನೀರು ಸಾಕು, ವಾಸನೆಯ ಸೋಪು ಬೇಡ. ಒರೆಸುವಾಗ ಇಡೀ ಹಗ್ಗವನ್ನು ಬೆರಳ ನಡುವೆ ಎಳೆದು ಸೀಳು ಹುಡುಕಿ. ಅದೇ ಹೊತ್ತಿಗೆ ನಾಯಿಯ ಬೆರಳ ಸಂದುಗಳನ್ನೂ ಬಿಡಿಸಿ ನೋಡಿ, ನೆಗ್ಗಿಲು ಮುಳ್ಳು ಇರುವುದು ಅಲ್ಲೇ.