ಧಾರವಾಡದ ಒಂದು ವಕೀಲರ ಆಫೀಸು: ಐದಕ್ಕೆ ನಾಲ್ಕು ಸ್ಟಾರ್

ಎಫ್‌ಐಆರ್ ರದ್ದು ಮಾಡಿಸಲು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವವರಿಗಾಗಿ ಬರೆಯುತ್ತಿದ್ದೇನೆ. ಕೇಸು ಇನ್ನೂ ನಡೀತಿದೆ, ಹಾಗಾಗಿ ಆಫೀಸಿನ ಹೆಸರು ಹಾಕಿಲ್ಲ.

ನನ್ನದು ಹುಬ್ಬಳ್ಳಿಯಲ್ಲಿ ಚಹಾ, ಮಿರ್ಚಿ ಅಂಗಡಿ. ನಮ್ಮ ಸಾಲಿನಲ್ಲಿ ಎಲ್ಲರ ಬೆಂಚು, ಬೋರ್ಡು ಫುಟ್‌ಪಾತ್ ಮೇಲೇ ಇವೆ. ಆದರೆ ಸ್ವಲ್ಪ ವಶೀಲಿ ಇರುವ ಒಬ್ಬರಿಗೆ ಉದ್ರಿ ಬಾಕಿ ಕೇಳಿದ ಮೇಲೆ ಕೇಸು ಬಿದ್ದದ್ದು ನನ್ನ ಮೇಲೆ ಮಾತ್ರ. ಬಿಎನ್‌ಎಸ್ (ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 285, ಸಾರ್ವಜನಿಕ ದಾರಿಗೆ ಅಡ್ಡಿ. ಹೆಚ್ಚೆಂದರೆ 5,000 ರೂಪಾಯಿ ದಂಡ. 'ಒಪ್ಕೊಂಡು ಕಟ್ಟಿ ಕೈ ತೊಳ್ಕೋ' ಎಂದವರೇ ಜಾಸ್ತಿ. ಸುಮ್ನೆ ಯಾಕೆ ತಪ್ಪಿತಸ್ಥ ಅನ್ನಿಸಿಕೊಳ್ಳಬೇಕು?

ಪಕ್ಕದ ಅಂಗಡಿಗಳ ಫೋಟೊ ತೋರಿಸಿ 'ಇವರ ಮೇಲೆ ಯಾಕಿಲ್ರೀ?' ಎಂದೆ. ವಕೀಲ ಸಾಹೇಬ್ರು ಫೋನ್ ವಾಪಸ್ ಕೊಟ್ಟರು. 'ಅವರನ್ನ ಬಿಟ್ಟಿದ್ದಾರೆ, ನನ್ನನ್ನೂ ಬಿಡಿ ಅಂತ ಸಂವಿಧಾನದ 14ನೇ ವಿಧಿ, ಅಂದ್ರೆ ಸಮಾನತೆಯ ಹಕ್ಕು, ಹಿಡ್ಕೊಂಡು ಹೋದ್ರೆ ಕೋರ್ಟ್ ಕೇಳಲ್ಲ.' ಫೀಸು ತಗೊಳ್ಳುವ ಮೊದಲೇ ಇದನ್ನು ಹೇಳಿದರಲ್ಲ, ಅದಕ್ಕೇ ಎರಡು ಸ್ಟಾರ್.

ಅವರು ಹಿಡಿದ ದಾರಿ ಬೇರೆ. ಭಜನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ರದ್ದು ಮಾಡಬಹುದಾದ ಏಳು ಸಂದರ್ಭ ಹೇಳಿದೆ. ಏಳನೆಯದು, ಸೇಡು ತೀರಿಸಿಕೊಳ್ಳಲು ಹಾಕಿದ ಕೇಸು. ಸೇಡು ಅಂತ ಬಾಯಲ್ಲಿ ಹೇಳಿದರೆ ಸಾಲದು, ಅಲ್ವಾ? ಉದ್ರಿ ಪುಸ್ತಕ, ವಾಟ್ಸಾಪ್ ಮೆಸೇಜು, ಎಫ್‌ಐಆರ್ ತಾರೀಕು ಎಲ್ಲ ಒಂದರ ಪಕ್ಕ ಒಂದು ಜೋಡಿಸಿದರು. ಆದರೂ ಅವರು ಹೆಚ್ಚು ನಂಬಿದ್ದು ಮೊದಲನೆಯದನ್ನು: ದೂರಿನಲ್ಲಿರುವುದೆಲ್ಲ ನಿಜ ಎಂದಿಟ್ಟುಕೊಂಡರೂ ಅಪರಾಧ ಆಗಲ್ಲ. 285 ನಿಲ್ಲಬೇಕಾದರೆ ಯಾರಿಗಾದರೂ ಅಡ್ಡಿಯೋ ಅಪಾಯವೋ ಗಾಯವೋ ಆಗಿರಬೇಕು. ನನ್ನ ಎಫ್‌ಐಆರ್‌ನಲ್ಲಿ ದಾರಿ ಸಿಗದೆ ನಿಂತವರು ಒಬ್ಬರೂ ಇಲ್ಲ! ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 528ರ ಅಡಿ ಅರ್ಜಿ ಹಾಕಿದರು. ಹಳಬರು ಈಗಲೂ ಹಳೇ ಸಿಆರ್‌ಪಿಸಿ ಕಾಯ್ದೆಯ ನಂಬರ್ ಹಿಡಿದು '482' ಅಂತಾರೆ. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಸದ್ಯಕ್ಕೆ ತಡೆಯಾಜ್ಞೆ ಸಿಕ್ಕಿದೆ.

ಅರ್ಜಿ ಪೂರ್ತಿ ಇಂಗ್ಲಿಷು. ಜೂನಿಯರ್ ಮೇಡಂ ಒಂದೊಂದೇ ಪ್ಯಾರಾ ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೇ ಸಹಿ ಮಾಡಿಸಿದರು.

ಒಂದು ಸ್ಟಾರ್ ಕಟ್ ಮಾಡಿದ್ದು ಕ್ಲರ್ಕ್‌ನಿಂದಾಗಿ. ಫೋನ್ ಎತ್ತಲ್ಲ. ಟೈಪಿಂಗ್, ಝೆರಾಕ್ಸ್, ಫೈಲಿಂಗ್ ಅಂತ ಬೇರೆ ಬೇರೆ ದುಡ್ಡು ಇಸ್ಕೊಂಡರು, ಒಂದಕ್ಕೂ ಚೀಟಿ ಇಲ್ಲ. ಮುಂದಿನ ಡೇಟನ್ನು ಈಗ ಈ-ಕೋರ್ಟ್ಸ್ ಆ್ಯಪ್‌ನಲ್ಲಿ ನಾನೇ ನೋಡಿಕೊಳ್ಳುತ್ತೇನೆ. ಇಂಥ ಆಫೀಸಿಗೆ ಹೋಗುವವರು ಎಫ್‌ಐಆರ್ ಪ್ರತಿ ಜೊತೆಗೇ ಒಯ್ಯಿರಿ. ಸಂಜೆ ಮೇಲೆ ಹೋಗಿ, ಹಗಲು ಎಲ್ಲರೂ ಕೋರ್ಟಿನಲ್ಲೇ ಇರುತ್ತಾರೆ.