ಇಂಜಿನ್ ಬಿಚ್ಚುವ ಮೊದಲು ಅಳೆದು ನೋಡಿದ ಗ್ಯಾರೇಜು

ನಮ್ಮ ಕ್ವಾಲಿಸ್ 2003ರದ್ದು. ಅಪ್ಪ ತಗೊಂಡ ಗಾಡಿ. ಅಡಿಕೆ ಮಂಡಿಗೂ ಅದೇ, ಆಸ್ಪತ್ರೆಗೂ ಅದೇ, ಮದುವೆ ಮನೆಗೂ ಅದೇ. ಈ ಸಲ ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಹಿಡಿಯುತ್ತಿತ್ತು. ಇಂಜಿನ್ ಒಳಗನ್ನು ಕಾಯಿಸುವ ಹೀಟರ್ ಪ್ಲಗ್ಗಿನ ಲೈಟು ಎರಡು ಸಲ ಆರಿದ ಮೇಲೆ ಸೆಲ್ಫ್ ಹೊಡೆದರೆ ಅಂಗಳದ ತುಂಬ ಬಿಳಿ ಹೊಗೆ, ಕಣ್ಣುರಿಯುವ ಡೀಸೆಲ್ ವಾಸನೆ, ಇಡೀ ಗಾಡಿ ಗಡಗಡ. ಬಿಸಿಯಾದ ಮೇಲೂ ಸಣ್ಣ ಮಿಸ್ಸಿಂಗ್ ಉಳಿಯುತ್ತಿತ್ತು.

ಊರಿನ ಹತ್ತಿರದ ಒಂದು ಗ್ಯಾರೇಜಿನಲ್ಲಿ ಮೊದಲು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳ ಸರ್ವಿಸ್ ಮಾಡಿಸಿದರು. ಸರಿಹೋಗಲಿಲ್ಲ. ಆಮೇಲೆ ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲಿಸಿ ನೋಡಿದರು. ಮೂರನೆಯದನ್ನು ಸಡಿಲಿಸಿದಾಗ ಇಂಜಿನ್ ಸದ್ದು ಬದಲಾಗಲಿಲ್ಲ. "ಕಂಪ್ರೆಷನ್ ಹೋಗಿದೆ, ಬೋರ್ ಮಾಡಿಸಬೇಕು, 85 ಸಾವಿರ ಆಗುತ್ತೆ" ಅಂದರು. ಕಂಪ್ರೆಷನ್ ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಸಿಲಿಂಡರಿನಲ್ಲಿ ಏರುವ ಒತ್ತಡ; ಬೋರ್ ಅಂದರೆ ಇಂಜಿನ್ ಬಿಚ್ಚಿ ಸವೆದ ಸಿಲಿಂಡರ್ ಕೊರೆಸುವುದು. ಮೂರನೇ ಸಿಲಿಂಡರ್ ದುಡಿಯುತ್ತಿಲ್ಲ ಅನ್ನುವುದಕ್ಕೆ ಆ ಪರೀಕ್ಷೆ ಸಾಕು. ಯಾಕೆ ದುಡಿಯುತ್ತಿಲ್ಲ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅಷ್ಟು ದುಡ್ಡಿಗೆ ಹೂಂ ಅನ್ನಲು ಮನಸ್ಸು ಬರಲಿಲ್ಲ.

ಚಿಕ್ಕಪ್ಪ ಹೇಳಿದ್ದಕ್ಕೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿರುವ ಒಂದು ಸಣ್ಣ ಗ್ಯಾರೇಜಿಗೆ ಗಾಡಿ ಒಯ್ದೆ. ತಗಡಿನ ಶೆಡ್ಡು, ಇಬ್ಬರು ಹುಡುಗರು. ಮೇಸ್ತ್ರಿ ನನ್ನ ಮಾತನ್ನು ಪೂರ್ತಿ ಕೇಳಿ, "ಅಕ್ಕಾ, ಕಂಪ್ರೆಷನ್ ಗೇಜ್ ಹಾಕದೆ ನಾನು ಏನೂ ಹೇಳಲ್ಲ" ಅಂದರು. ಅವತ್ತು ರಾತ್ರಿ ಗಾಡಿ ಅಲ್ಲೇ ಬಿಟ್ಟೆ. ಹಳೇ ಹೀಟರ್ ಪ್ಲಗ್‌ಗಳು ತುಕ್ಕು ಹಿಡಿದು ಬಿಚ್ಚುವಾಗ ಮುರಿದು ಒಳಗೇ ಉಳಿಯುತ್ತವಂತೆ, ಅದಕ್ಕೆ ಹಿಂದಿನ ದಿನವೇ ಎಣ್ಣೆ ಬಿಟ್ಟು ನೆನೆಸಿಟ್ಟರು.

ಮಾರನೇ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಡೀಸೆಲ್ ಹೋಗದಂತೆ ಪಂಪಿನ ವೈರ್ ಕಳಚಿ, ನಮ್ಮ ಬ್ಯಾಟರಿಗೆ ಇನ್ನೊಂದು ಬ್ಯಾಟರಿ ಜೋಡಿಸಿದರು. ಸೆಲ್ಫ್ ನಿಧಾನ ತಿರುಗಿದರೆ ನಾಲ್ಕೂ ಸಿಲಿಂಡರ್ ಸುಳ್ಳೇ ಕಡಿಮೆ ತೋರಿಸುತ್ತವೆ. ಗೇಜೂ ಡೀಸೆಲ್‌ನದ್ದೇ ಆಗಬೇಕು, ಪೆಟ್ರೋಲ್ ಗೇಜು ಈ ಒತ್ತಡಕ್ಕೆ ತಾಳುವುದಿಲ್ಲ. ಹೊಸ ಇಂಜಿನ್ನಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 32 ಕೆಜಿ ಒತ್ತಡ ಇರಬೇಕು, 20ಕ್ಕಿಂತ ಇಳಿಯಬಾರದು, ಸಿಲಿಂಡರುಗಳ ನಡುವೆ 5ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಮ್ಮದು 29, 28, 17, 28. ಸೀಮೆಸುಣ್ಣದಲ್ಲಿ ಬಾನೆಟ್ಟಿನ ಒಳಗೇ ಬರೆದು ತೋರಿಸಿದರು.

ಸಿಲಿಂಡರಿಗೆ ಎಣ್ಣೆ ಬಿಟ್ಟು ಮತ್ತೆ ಅಳೆದರೆ ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗ್ ಹೋಗಿದೆಯೋ ಇಲ್ಲವೋ ತಿಳಿಯುತ್ತದೆ ಅಂತ ನಾನು ಕೇಳಿದ್ದೆ. ಅವರು ಒಪ್ಪಲಿಲ್ಲ. ಇದರ ಒಂದೊಂದು ಸಿಲಿಂಡರ್ 600 ಸಿಸಿ ಮೇಲಿದ್ದರೂ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 30 ಸಿಸಿಯೂ ಇಲ್ಲ. ಅದರೊಳಗೆ ಒಂದೆರಡು ಚಮಚ ಎಣ್ಣೆ ಬಿದ್ದರೆ ಆ ಜಾಗವೇ ಚಿಕ್ಕದಾಗಿ, ರಿಂಗ್ ಚೆನ್ನಾಗಿದ್ದರೂ ಮುಳ್ಳು ಏರುತ್ತದೆ. ಜಾಸ್ತಿ ಬಿಟ್ಟರೆ ಕನೆಕ್ಟಿಂಗ್ ರಾಡೇ ಬಗ್ಗೀತು. ಬದಲಿಗೆ ಪಿಸ್ಟನ್ ಮೇಲಕ್ಕೆ ತಂದು, ಗೇರ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟರು. ಆಯಿಲ್ ಮುಚ್ಚಳದ ಹತ್ತಿರ ಕಿವಿ ಇಟ್ಟೆ, ಅಂಥ ಗಾಳಿಯೇನಿಲ್ಲ. ಅಂದರೆ ರಿಂಗ್ ಪರವಾಗಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಸರಿ ಇದೆ. ಸೈಲೆನ್ಸರ್ ಪೈಪಿನಲ್ಲಿ ಮಾತ್ರ ಬುಸ್ ಅಂತ ಸದ್ದು! ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ.

ಇಂಜಿನ್ ತಣ್ಣಗಾದ ಮೇಲೆ ವಾಲ್ವ್ ಕವರ್ ತೆಗೆದರು. ಆ ವಾಲ್ವಿನ ಮೇಲಿನ ಸಂದಿಯೊಳಗೆ, ಸಂದಿ ಅಳೆಯುವ ಫೀಲರ್ ಗೇಜಿನ ಅತಿ ತೆಳು ಎಲೆಯೂ ನುಗ್ಗಲಿಲ್ಲ. ವರ್ಷಗಟ್ಟಲೆ ವಾಲ್ವ್ ಕೂರುವ ಸೀಟು ಸವೆದು ವಾಲ್ವ್ ಮೇಲೇರಿ, ಸಂದಿಯೇ ಉಳಿದಿರಲಿಲ್ಲ. ಆ ಸಂದಿ ಹೊಂದಿಸುವ ಬಿಲ್ಲೆ, ಅಂದರೆ ಶಿಮ್, ತೆಳುವಾದದ್ದನ್ನು ಹಾಕಿ ಮತ್ತೆ ಅಳೆದಾಗ ಮೂರನೆಯದು 25. ನನಗೆ ಕಣ್ಣಲ್ಲಿ ನೀರು ಬಂತು.

ಒಟ್ಟು 3,400 ರೂಪಾಯಿ ಆಯಿತು, ಹಳೇ ಶಿಮ್ ಕೈಗೆ ಕೊಟ್ಟರು. ಬೇಸರದ ಸಂಗತಿಗಳೂ ಇವೆ. ಸರಿಯಾದ ಅಳತೆಯ ಶಿಮ್ ಸಿಗಲು ಎರಡು ದಿನ ಕಾಯಬೇಕಾಯಿತು, ಫೋನ್ ಎತ್ತುವುದಿಲ್ಲ, ಕೂರಲು ಒಂದು ಸ್ಟೂಲೂ ಇಲ್ಲ, ಬಿಲ್ಲನ್ನು ಕೇಳಿಯೇ ಬರೆಸಿಕೊಳ್ಳಬೇಕು. ವಾಲ್ವಿನ ಅಂಚು ಸ್ವಲ್ಪ ಸುಟ್ಟಿರಬಹುದು, 5,000 ಕಿಲೋಮೀಟರ್ ಓಡಿಸಿ ತನ್ನಿ, 20ರ ಹತ್ತಿರ ಇಳಿದಿದ್ದರೆ ಆಗ ಹೆಡ್ ಬಿಚ್ಚೋಣ ಅಂದಿದ್ದಾರೆ. ಯುಗಾದಿ ಕಳೆದು ಹೋಗುತ್ತೇನೆ.